ತೇಲುವ ಊರಿನಲ್ಲಿ ಕೈ ತೊಳೆದವನೇ ಜಾಣ

ಅಮೆರಿಕದ ಮಯಾಮಿ ಬಂದರಿನಿಂದ ಹೊರಡುವ ವಿಹಾರ ನೌಕೆಗಳೆಂದರೆ ತೇಲುವ ಊರುಗಳೇ ಸರಿ. ಸಾವಿರಾರು ಜನ ಒಂದೇ ಸೂರಿನಡಿ ಉಂಡು, ಕುಣಿದು, ಮಲಗುವ ಈ ಊರಿಗೆ ನೊರೊ ವೈರಸ್ ಹೊಕ್ಕರೆ ವಾಂತಿ-ಭೇದಿ ಕೋಣೆಯಿಂದ ಕೋಣೆಗೆ ಹಬ್ಬುತ್ತದೆ. ಲಿಫ್ಟಿನ ಗುಂಡಿ, ಮೆಟ್ಟಿಲ ಕಂಬಿ, ಬಫೆ ಊಟದ ಸೌಟು ಎಲ್ಲವೂ ಅದಕ್ಕೆ ವಾಹನ. ರೋಗಿಗೆ ಕೋಣೆವಾಸ, ಪ್ರವಾಸದ ದುಡ್ಡೂ ಉಲ್ಲಾಸವೂ ನೀರುಪಾಲು.

ಊಟದ ಹಾಲಿನ ಬಾಗಿಲಲ್ಲಿ ಸಿಬ್ಬಂದಿ ಕೈಗೆ ಸ್ಯಾನಿಟೈಸರ್ ಹಾಕುವುದುಂಟು. ಈ ವೈರಸ್ಸಿನ ಮುಂದೆ ಅದರ ಆಟ ಅಷ್ಟಾಗಿ ನಡೆಯದು. ಸೋಪು ಹಚ್ಚಿ, 20 ಸೆಕೆಂಡು ಉಜ್ಜಿ, ಹರಿಯುವ ನೀರಿನಲ್ಲಿ ತೊಳೆಯುವುದೇ ಉಪಾಯ.

1970ರ ದಶಕದಲ್ಲಿ ಶುರುವಾದ ಸರ್ಕಾರಿ ತಪಾಸಣೆಯ ಅಧಿಕಾರಿಗಳು ಸುಳಿವು ಕೊಡದೆ ಹಡಗೇರಿ, ಅಡುಗೆಮನೆ, ನೀರು ಪರೀಕ್ಷಿಸಿ 100ಕ್ಕೆ ಅಂಕ ಕೊಡುತ್ತಾರೆ. 85 ಬಂದರೂ ನಪಾಸು. ಪ್ರಯಾಣಿಕರ ಕೈಗೆ ಮಾತ್ರ ಅಂಕ ಕೊಡುವವರಿಲ್ಲ. ಸೌಟು ಹಿಡಿಯುವ ಮುನ್ನ ಅದನ್ನು ಅವರವರೇ ನೋಡಿಕೊಳ್ಳಬೇಕು.