ಮಳೆಯಿಲ್ಲದೆ ನೆನೆದದ್ದು

ಮೊಂಟೆವೆರ್ದೆ, ಕೋಸ್ಟರಿಕ. ಫೆಬ್ರವರಿ, ಬೆಳಗ್ಗೆ ಏಳೂವರೆ. ಮಗಳು ಎಲ್ಲರಿಗೂ ರೈನ್‌ಕೋಟು ಹಂಚಿದಳು. ಸಾಂತಾ ಎಲೆನಾ ಪೇಟೆಯಲ್ಲಿ ನೋಡಿದರೆ ಎಳೆಬಿಸಿಲು. ಆಗುಂಬೆ ಸೀಮೆಯವನಿಗೆ ಫೆಬ್ರವರಿಯಲ್ಲಿ ರೈನ್‌ಕೋಟು ತೊಡಿಸುವುದೆಂದರೆ ಅವಮಾನವೇ ಸರಿ. ಹೆಂಡತಿ ಮಾತ್ರ ಸದ್ದಿಲ್ಲದೆ ಒಂದು ಪೊಟ್ಟಣ ಉಪ್ಪು ತಂದು ನನ್ನ ಜೇಬಿಗೆ ತುರುಕಿದಳು. ಇಂಬಳ, ಅಂದರೆ ಕಾಡಿನ ಜಿಗಣೆ, ಹತ್ತಿದರೆ ಉದುರಿಸಲು.

ಕಾರಿನಲ್ಲಿ ಐದಾರು ಕಿಲೋಮೀಟರ್ ಏರಿದ್ದಷ್ಟೆ, ಬಿಸಿಲು ಎಲ್ಲಿ ಇಳಿದುಹೋಯಿತೋ ಗೊತ್ತಾಗಲಿಲ್ಲ. ಕಾಡಿನ ಬಾಗಿಲಲ್ಲಿ ಬಿಳಿ ಕತ್ತಲೆ. ಒಳಗೆ ಹೆಜ್ಜೆಯಿಟ್ಟರೆ ಟಪ್ ಟಪ್ ಹನಿ. ರೈನ್‌ಕೋಟು ಹಾಕಿಕೊಂಡೆ. ಮಗಳು ನನ್ನ ಮುಖ ನೋಡಲಿಲ್ಲ, ಒಳ್ಳೆಯ ಹುಡುಗಿ.

ಒಂದು ಸೋಜಿಗ. ಮರ ಬಿದ್ದು ಆಕಾಶ ತೆರೆದ ಜಾಗದಲ್ಲಿ ನಿಂತರೆ ಮುಖಕ್ಕೆ ತೇವ ತಾಗುತ್ತದೆ, ಹನಿಯಿಲ್ಲ. ಎರಡು ಮಾರು ಸರಿದು ಮರದಡಿ ನಿಂತರೆ ತಲೆ ತೊಯ್ಯುತ್ತದೆ. ಮಳೆ ಬಂದರೆ ಮರದಡಿ ಓಡುವುದು ನಾವು ಕಲಿತ ಪಾಠ. ಇಲ್ಲಿ ಮರದಡಿಯಿಂದ ಓಡಬೇಕು! ಖಚಿತ ಮಾಡಿಕೊಳ್ಳಲು ಮೂರು ಸಲ ಅತ್ತಿತ್ತ ಹೋಗಿಬಂದೆ. "ಅಜ್ಜ, ಮರಾನೇ ಮಳೆ ಸುರಿಸ್ತಿದೆ" ಎಂದ ಎಂಟು ವರ್ಷದ ಮೊಮ್ಮಗ. ಅವನು ತಪ್ಪು ಹೇಳಿರಲಿಲ್ಲ.

ಗೈಡ್ ಹೇಳಿದ್ದನ್ನು ಮಗಳು ಕನ್ನಡಕ್ಕಿಳಿಸಿದಳು. ಕೆರಿಬಿಯನ್ ಸಮುದ್ರದಿಂದ ಬರುವ ಗಾಳಿ ಈ ಬೆಟ್ಟಸಾಲಿಗೆ ಹಾಯ್ದು ಮೇಲೇರುತ್ತದೆ, ತಣಿಯುತ್ತದೆ, ಮೋಡವಾಗುತ್ತದೆ. ಆ ಮೋಡ ಕಾಡಿನ ಮೇಲಲ್ಲ, ಕಾಡಿನ ನಡುವೆಯೇ ಹಾದುಹೋಗುತ್ತದೆ. ಅದರ ಕಣಗಳು ತಾವಾಗಿ ಬೀಳಲಾರದಷ್ಟು ಸಣ್ಣವು. ಹಾವಸೆಯ ಎಳೆ, ಜರೀಗಿಡದ ಗರಿ, ಎಲೆಯ ತುದಿ ಅವನ್ನು ಹಿಡಿದು ಕೂಡಿಸಿ ಹನಿ ಮಾಡುತ್ತವೆ. ಹಸುವಿನ ಹಾಲು ಕರೆದ ಹಾಗೆ ಮೋಡವನ್ನು ಕರೆಯುವುದು. ದಾರಿಗೆ ಬಿದ್ದಿದ್ದ ಬೆರಳುದ್ದದ ಕಡ್ಡಿಯೊಂದನ್ನು ಮೊಮ್ಮಗ ಹಿಂಡಿದ. ಅದರ ಹಾವಸೆಯಿಂದ ಇಳಿದ ನೀರು ಅವನ ಮೊಣಕೈವರೆಗೆ ಹರಿದು ಅಂಗಿಯೊಳಗೆ ಹೋಯಿತು.

ಮಳೆಯ ಲೆಕ್ಕ ಕೇಳದೆ ಇರಲಾಗಲಿಲ್ಲ, ಊರಿನ ಅಭಿಮಾನ. ಇಲ್ಲಿ ವರ್ಷಕ್ಕೆ ಸುಮಾರು 2,500 ಮಿ.ಮೀ. ನಮ್ಮಲ್ಲಿ 7,000 ದಾಟುತ್ತದೆ ಎಂದೆ. ಗೈಡ್ ಗೌರವದಿಂದ ತಲೆಯಾಡಿಸಿದ. ಆದರೆ ಈ ಹೊತ್ತಿಗೆ ನಮ್ಮ ತೋಟದಲ್ಲಿ ಸ್ಪ್ರಿಂಕ್ಲರ್ ಹಚ್ಚಿರುತ್ತಾರೆ. ಇಲ್ಲಿ ನೆಲ ಜಿನುಗುತ್ತಿದೆ. ಅಡ್ಡಡ್ಡ ಬರುವ ಈ ನೀರನ್ನು ಬಾಯಿ ಮೇಲೆ ಮಾಡಿ ಕೂತ ಮಳೆಮಾಪಕ ಹಿಡಿಯುವುದೇ ಇಲ್ಲವಂತೆ.

ಒಂದೊಂದು ಮರದ ಮೇಲೂ ಒಂದೊಂದು ತೋಟ. "ಇಷ್ಟು ಬಂದಳಿಕೆ ಹೊತ್ತ ಮರ ಉಳಿಯುವುದುಂಟೇ?" ಎಂದಳು ಹೆಂಡತಿ. ಬಂದಳಿಕೆ ಅಲ್ಲವಂತೆ. ಬಂದಳಿಕೆ ಮರದ ರಸ ಹೀರುತ್ತದೆ. ಇವು ಬರೀ ಕೂತುಕೊಂಡಿವೆ, ನಮ್ಮ ಸೀತಾಳೆ ದಂಡೆಯ ಹಾಗೆ. ಅವುಗಳ ಬುಡದಲ್ಲಿ ಎಲೆ ಕೊಳೆತು ಕೊಂಬೆಯ ಮೇಲೇ ಮಣ್ಣಾಗುತ್ತದೆ. ಕೆಲವು ಮರಗಳು ತಮ್ಮದೇ ಕೊಂಬೆಯಿಂದ ಬೇರು ಬಿಟ್ಟು ಆ ಮಣ್ಣಿನ ಸಾರ ಎಳೆದುಕೊಳ್ಳುತ್ತವೆ. ಬಾಡಿಗೆ ವಸೂಲಿ! ಇದನ್ನು ಹಗ್ಗ ಕಟ್ಟಿಕೊಂಡು ಮರದ ತುದಿಗೆ ಏರಿ ಕಂಡವರು ನಳಿನಿ ನಾಡಕರ್ಣಿ. 1981ರಲ್ಲಿ ಪ್ರಕಟಿಸಿದರು. ಹುಟ್ಟಿ ಬೆಳೆದದ್ದು ಅಮೆರಿಕದಲ್ಲಿ, ತಂದೆ ಭಾರತದವರು. ಮೊಂಟೆವೆರ್ದೆಯ ಮರಗಳ ಮೇಲೂ ದಶಕಗಳ ಕಾಲ ಕೆಲಸ ಮಾಡಿದವರು. ಕಾರವಾರ ಕಡೆಯ ಅಡ್ಡಹೆಸರು ಈ ಮಂಜಿನಲ್ಲಿ ಕಿವಿಗೆ ಬಿದ್ದು ಮೈ ಬೆಚ್ಚಗಾಯಿತು.

ಗೈಡ್ ಭೂತಗನ್ನಡಿ ಕೊಟ್ಟು ಹಾವಸೆಯಲ್ಲಿ ಏನನ್ನೋ ತೋರಿಸಿದ. ಸಾಸಿವೆ ಕಾಳಿನಷ್ಟು ಆರ್ಕಿಡ್ ಹೂವು. ದಳ, ತುಟಿ ಎಲ್ಲ ಇದೆ. ಕನ್ನಡಿ ತೆಗೆದರೆ ಅಲ್ಲಿ ಏನೂ ಇಲ್ಲ. ಇದನ್ನು ಹುಡುಕಿಕೊಂಡು ಬರುವ ಹುಳ ಎಷ್ಟು ದೊಡ್ಡದಿರಬಹುದು?

ಆಮೇಲೆ ಗೈಡ್ ತೋರಿಸಿದ್ದು ಹೊಂಗಪ್ಪೆಯ ಚಿತ್ರ. ಚಿತ್ರ ಮಾತ್ರ. ಇದೇ ಬೆಟ್ಟದಲ್ಲಿ 1987ರಲ್ಲಿ ಸಾವಿರದ ಐನೂರಕ್ಕೂ ಹೆಚ್ಚು ಕಂಡಿದ್ದವಂತೆ. 1989ರಲ್ಲಿ ಕಂಡದ್ದು ಒಂದೇ ಒಂದು ಗಂಡು. ಆಮೇಲೆ ಇಲ್ಲ. ಶಿಲೀಂಧ್ರ ರೋಗ ಎನ್ನುತ್ತಾರೆ, ಕಾಡು ಒಣಗಿದ ವರ್ಷಗಳು ಎನ್ನುತ್ತಾರೆ. ಬೆಚ್ಚಗಾದ ಗಾಳಿಯಲ್ಲಿ ಮೋಡ ಮೊದಲಿಗಿಂತ ಮೇಲೆ ಕಟ್ಟುತ್ತಿದೆ ಎಂಬ ವಾದವೂ ಇದೆ. ಮೋಡ ನಾಲ್ಕು ಆಳು ಮೇಲೆ ಹೋದರೆ ಈ ಕಾಡು ಯಾರನ್ನು ಕರೆಯಬೇಕು?

ಊಟದ ಹೊತ್ತಿಗೆ ತಲುಪಿದ್ದು ಬೆಟ್ಟದ ನೆತ್ತಿಯ ಲಾ ವೆಂತಾನಾ, ಅಂದರೆ ಕಿಟಕಿ. ಇಲ್ಲಿಂದ ಒಂದು ಮಗ್ಗುಲ ನೀರು ಕೆರಿಬಿಯನ್ನಿಗೆ, ಇನ್ನೊಂದು ಮಗ್ಗುಲದ್ದು ಪೆಸಿಫಿಕ್ಕಿಗೆ. ಆಗುಂಬೆಯಲ್ಲೂ ಹೀಗೇ, ಒಂದು ಹನಿ ಸೀತಾನದಿಗೆ, ಪಕ್ಕದ್ದು ತುಂಗೆಗೆ. ಕಿಟಕಿಯೇನೋ ಇತ್ತು, ಆಚೆ ಸುಣ್ಣ ಬಳಿದಂತೆ ಬಿಳುಪು. ಚಿತ್ರಾನ್ನ ತಿಂದೆವು. "ಮಾವ, ಸಮುದ್ರ ಕಾಣ್ತಾ?" ಎಂದು ಅಳಿಯ ಕೇಳಿದರು. ಕಾಣುತ್ತಿದೆ ಎಂದೆ.

ಇಳಿಯುವಾಗ ತಿಳಿದದ್ದು. 1951ರಲ್ಲಿ ಅಮೆರಿಕದ ಅಲಬಾಮಾದಿಂದ ಯುದ್ಧ ಒಲ್ಲದ ಕ್ವೇಕರ್ ಪಂಥದ ಕುಟುಂಬಗಳು ಇಲ್ಲಿಗೆ ಬಂದು ನೆಲೆಸಿದವು. ಸೈನ್ಯಕ್ಕೆ ಹೆಸರು ಬರೆಸಲೊಲ್ಲದೆ ಜೈಲು ಕಂಡವರೂ ಅವರಲ್ಲಿದ್ದರು. ಸೈನ್ಯವನ್ನೇ ತೆಗೆದುಹಾಕಿದ ದೇಶ ಹುಡುಕಿ ಬಂದರು. ಹಸು ಕಟ್ಟಿದರು, ಚೀಸ್ ಮಾಡಿದರು, ಕೆಳಗಿನ ಕಾಡು ಕಡಿದರು. ತಲೆಯ ಮೇಲಿನ ಕಾಡನ್ನು ಮಾತ್ರ ನೀರಿಗಾಗಿ ಮುಟ್ಟಲಿಲ್ಲ. 1972ರಲ್ಲಿ ಅದಕ್ಕೆ ತಾಗಿಕೊಂಡೇ ಈ ರಕ್ಷಿತಾರಣ್ಯ ಆಯಿತು. ಹಾಲು ಕರೆಯುವವರಿಗೆ ಮೋಡದ ಕೆಚ್ಚಲು ಎಲ್ಲಿದೆಯೆಂದು ಗೊತ್ತಿತ್ತು.

ಸಂಜೆ ಪೇಟೆಯಲ್ಲಿ ಮತ್ತೆ ಬಿಸಿಲು. ಐದೂ ಜನರ ಕಾಲು ಪರೀಕ್ಷೆ ಆಯಿತು, ಇಂಬಳ ಒಂದೂ ಇಲ್ಲ. ಜೇಬಿನ ಉಪ್ಪು ಪೂರ್ತಿ ನೀರಾಗಿ ಪ್ಯಾಂಟಿನ ತೊಡೆಯ ಮೇಲೆ ಬಿಳಿ ಗೀಟು ಎಳೆದಿತ್ತು. ನೀವು ಹೋಗುವುದಾದರೆ ಫೆಬ್ರವರಿಯಾದರೂ ರೈನ್‌ಕೋಟು ಒಯ್ಯಿರಿ. ಉಪ್ಪು ಬೇಡ.