ನಲ್ಲಿಯ ಕಡೆ ನಿಂತವನು, ಉರಿಯ ಕಡೆ ಕೂತವಳು

ಧಾರವಾಡದ ಮನೆ ಮಾರಿದಾಗ ಅಣ್ಣತಮ್ಮಂದಿರ ಪಾಲಿನಲ್ಲಿ ನಾನು ಬಾಯಿಬಿಟ್ಟು ಕೇಳಿ ಪಡೆದದ್ದು ಒಂದೇ ವಸ್ತು, ಬಚ್ಚಲಮನೆಯ ತಾಮ್ರದ ಬಂಬ. ಅದು ಈಗ ಪುಣೆಯ ಕಾತ್ರಜದಲ್ಲಿ ನಮ್ಮ ಮನೆಯ ಹಿತ್ತಿಲಲ್ಲಿದೆ. ಚಳಿಗಾಲದ ಬೆಳಗುಗಳಲ್ಲಿ ಉರಿಯುತ್ತದೆ. ಮಾಳಿಗೆಯ ಮೇಲೆ ಸೋಲಾರ್ ಇದೆ, ಬಾತ್‌ರೂಮಿನಲ್ಲಿ ಗೀಜರ್ ಇದೆ. ಮತ್ತೆ ಇದು ಯಾಕೆ ಎಂದು ಕೇಳಿದವರಿಗೆಲ್ಲ ಅವ್ವನ ನೆನಪಿಗೆ ಎಂದು ಹೇಳುತ್ತ ಬಂದಿದ್ದೇನೆ. ಆ ಮಾತಿನಲ್ಲಿ ಎಷ್ಟು ನಿಜವಿದೆ ಎಂದು ನನ್ನನ್ನೇ ಕೇಳಿಕೊಳ್ಳುವ ಪ್ರಸಂಗ ಬಂದದ್ದು ಬಂಬ ಸತಾಯಿಸತೊಡಗಿದ ಮೇಲೆ.

ಬಂಬ ನೋಡದವರಿಗೆ ಎರಡು ಮಾತು. ಎತ್ತರದ ತಾಮ್ರದ ಪಾತ್ರೆ, ಅದರ ನಟ್ಟನಡುವೆ ಮೇಲಿಂದ ಕೆಳಗಿನ ತನಕ ಹಾಯುವ ಒಂದು ಕೊಳವೆ. ಕೊಳವೆಯೊಳಗೆ ಬೆಂಕಿ, ಸುತ್ತಲೂ ನೀರು. ತಳದಲ್ಲಿ ಕಬ್ಬಿಣದ ಜಾಳಿಗೆ, ಅದರ ಕೆಳಗೆ ಬೂದಿ ಬೀಳುವ ಜಾಗ. ಮೇಲೆ ತಣ್ಣೀರು ಸುರಿಯುವ ಬಾಯಿ, ಪಕ್ಕದಲ್ಲಿ ಬಿಸಿನೀರು ಬಿಡುವ ಹಿತ್ತಾಳೆಯ ನಲ್ಲಿ. ಕಟ್ಟಿಗೆಯನ್ನು ಕೊಳವೆಯ ಬಾಯಿಂದಲೇ ಇಳಿಬಿಡುವುದು. ಹುಬ್ಬಳ್ಳಿ, ಬೆಳಗಾವಿ, ಕೊಲ್ಹಾಪುರ, ಪುಣೆ, ಈ ಹೆದ್ದಾರಿಯುದ್ದಕ್ಕೂ ಹಳೆಯ ಮನೆಗಳಲ್ಲಿ ಇದೇ ಇತ್ತು.

ನಮ್ಮ ಬಂಬದ ತಕರಾರು ಒಂದೆರಡಲ್ಲ. ನೀರು ಕಾಯಲು ಮೊದಲಿನ ಎರಡರಷ್ಟು ಹೊತ್ತು. ಉರಿ ಏಳುವ ಬದಲು ಹಳದಿ ಹೊಗೆ ದಟ್ಟವಾಗಿ ಏಳುತ್ತಿತ್ತು. ನಲ್ಲಿ ತೊಟ್ಟಿಕ್ಕುತ್ತಿತ್ತು. ಬೆಂಕಿ ಆರಿದ ಮೇಲೆ ಕೊಳವೆಯೊಳಗೆ ಕೈಹಾಕಿದರೆ ಬರುತ್ತಿದ್ದದ್ದು ಪುಡಿಮಸಿಯಲ್ಲ. ಮಿರಿಮಿರಿ ಹೊಳೆಯುವ ಕಪ್ಪು ಅಂಟು, ಉಗುರಿನಿಂದ ಕೆರೆದರೂ ಬಿಡದು, ಮೂಗಿಗೆ ಖಾರ ಹತ್ತುವ ವಾಸನೆ. ಸೋಪಿನಲ್ಲಿ ತೊಳೆದರೂ ಬೆರಳಿನ ಗೆರೆಗಳಲ್ಲಿ ಅದು ಮರುದಿನದ ತನಕ ಉಳಿಯುತ್ತಿತ್ತು.

ಬಂಬವನ್ನು ಟೆಂಪೋದಲ್ಲಿ ಹಾಕಿಕೊಂಡು ಕಸಬಾ ಪೇಠೆಯ ತಾಂಬಟ ಆಳಿಗೆ ಹೋದೆ. ಪೇಶ್ವೆಗಳ ಕಾಲದಲ್ಲಿ ಕೊಂಕಣದಿಂದ ಬಂದು ನೆಲೆನಿಂತ ತ್ವಷ್ಟಾ ಕಾಸಾರರ ಓಣಿ ಅದು. ತಾಮ್ರದ ಮೇಲೆ ಸುತ್ತಿಗೆಯ ಸಾಲು ಪೆಟ್ಟು ಹಾಕಿ ಮೈಗಟ್ಟಿ ಮಾಡುವ ಮಠಾರಕಾಮಕ್ಕೆ ಹೆಸರಾದವರು. ಅಲ್ಲಿನ ಹಿರಿಯರೊಬ್ಬರು ಬಂಬವನ್ನು ಬೋರಲು ಹಾಕಿ, ಬೆರಳಗೆಣ್ಣಿನಿಂದ ಅಲ್ಲಲ್ಲಿ ತಟ್ಟಿ ಕಿವಿಗೊಟ್ಟು ಕೇಳಿದರು. ನಲ್ಲಿಯ ಬುಡಕ್ಕೆ ಹೊಸ ಬೆಸುಗೆ ಹಾಕಿಕೊಟ್ಟರು. "ತಾಮ್ರಕ್ಕೆ ಇನ್ನೂ ಏನೂ ಆಗಿಲ್ಲ ದಾದಾ. ನಿಮ್ಮ ಕಟ್ಟಿಗೆ ನೋಡಿ, ನಿಮ್ಮ ನೀರು ನೋಡಿ" ಎಂದರು.

ನೀರಿನದು ಬೇಗ ತಿಳಿಯಿತು. ಹದಿನೆಂಟನೆಯ ಶತಮಾನದ ನಡುವೆ ನಾನಾಸಾಹೇಬ ಪೇಶ್ವೆ ಕಾತ್ರಜದ ಕೆರೆಯಿಂದ ನೆಲದಡಿಯ ಕಾಲುವೆ ಕಟ್ಟಿಸಿ ಪುಣೆ ಪಟ್ಟಣಕ್ಕೆ ನೀರು ಹರಿಸಿದ್ದ. ಆ ಕೆರೆಯ ಊರಲ್ಲೇ ಇದ್ದುಕೊಂಡು ನಾವು ಟ್ಯಾಂಕರಿನ ಕೊಳವೆಬಾವಿ ನೀರು ತರಿಸಿಕೊಳ್ಳುತ್ತೇವೆ. ಕಪ್ಪುಕಲ್ಲಿನ ಬಿರುಕುಗಳಿಂದ ಬರುವ ಗಡುಸು ನೀರು. ಕಾಯಿಸಿದಾಗ ಅದರಲ್ಲಿ ಕರಗಿದ ಸುಣ್ಣದ ಅಂಶ ಕಲ್ಲಾಗಿ ತಾಮ್ರಕ್ಕೆ ಕಚ್ಚಿಕೊಳ್ಳುತ್ತದೆ. ತಾಮ್ರ ಶಾಖವನ್ನು ಸಲೀಸಾಗಿ ದಾಟಿಸುತ್ತದೆ, ಈ ಕಲ್ಲಿನ ಪದರ ತಡೆಯುತ್ತದೆ. ಸಿಟ್ರಿಕ್ ಆಸಿಡ್ ಪುಡಿ ಕದಡಿದ ನೀರು ತುಂಬಿ ರಾತ್ರಿಯಿಡೀ ಬಿಟ್ಟು ತೊಳೆದರೆ ಬಿಳಿ ಹಕ್ಕಳೆಗಳು ಕಳಚಿ ಬರುತ್ತವೆ. ಈಗ ಚಳಿಗಾಲಕ್ಕೆ ಮುಂಚೆ ಒಮ್ಮೆ, ನಡುವೆ ಒಮ್ಮೆ ಈ ಕೆಲಸ ಮಾಡುತ್ತೇನೆ.

ಬೆಂಕಿಯ ವಿಷಯ ಅಷ್ಟು ಬೇಗ ತಿಳಿಯಲಿಲ್ಲ. ತಿಳಿದ ಮೇಲೆ ಬೆರಗಾಯಿತು. ಬಂಬದಲ್ಲಿ ಬೆಂಕಿ ನೀರನ್ನು ಕಾಯಿಸುತ್ತದೆ ಎಂದಷ್ಟೇ ನಾವು ನೋಡುತ್ತೇವೆ, ಅದೇ ಹೊತ್ತಿಗೆ ನೀರು ಬೆಂಕಿಯನ್ನು ತಣಿಸುತ್ತಿರುತ್ತದೆ. ಕೊಳವೆಯ ಆಚೆ ನೀರಿರುವ ತನಕ ಅದರ ಗೋಡೆ ನೂರು ಡಿಗ್ರಿಗಿಂತ ಬಹಳ ಹೆಚ್ಚು ಕಾಯುವಂತಿಲ್ಲ. ಕಟ್ಟಿಗೆಯಿಂದ ಏಳುವ ಅನಿಲ ಪೂರ್ತಿ ಉರಿಯಬೇಕಾದರೆ ಆರುನೂರು ಏಳುನೂರು ಡಿಗ್ರಿಯ ಬಿಸಿ ಬೇಕು. ಅರೆಬೆಂದ ಅನಿಲ ತಣ್ಣನೆಯ ತಾಮ್ರಕ್ಕೆ ತಾಕಿದೊಡನೆ ಉರಿ ಸತ್ತು ಡಾಂಬರಾಗಿ ಅಂಟಿಕೊಳ್ಳುತ್ತದೆ, ಉಳಿದದ್ದು ಹೊಗೆಯಾಗಿ ಹೋಗುತ್ತದೆ. ನನ್ನ ಬೆರಳಿಗೆ ಹತ್ತಿದ್ದು ಉರಿಯದೆ ಉಳಿದ ಕಟ್ಟಿಗೆಯೇ. ಅಮೆರಿಕ, ಕೆನಡಾಗಳಲ್ಲಿ ಮನೆಯ ಹೊರಗೆ ಶೆಡ್ಡಿನಂಥ ಬಾಯ್ಲರ್ ಇಟ್ಟು, ಕಟ್ಟಿಗೆ ಉರಿಸಿ, ಬಿಸಿನೀರನ್ನು ಪೈಪಿನಲ್ಲಿ ಹರಿಸಿ ಇಡೀ ಮನೆ ಬೆಚ್ಚಗಿಡುತ್ತಾರೆ. ಅವುಗಳ ಕಾಯಿಲೆಯೂ ಇದೇ. ಬೆಂಕಿಯ ಸುತ್ತ ನೀರಿನ ಕವಚ, ಅದರಿಂದ ಕುಮುಲುವ ಬೆಂಕಿ, ನೆಲಮಟ್ಟದಲ್ಲಿ ಹರಡುವ ಹೊಗೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2015ರಲ್ಲಿ ಹೊಸ ಬಾಯ್ಲರುಗಳ ಹೊಗೆಗೆ ದೇಶಕ್ಕೆಲ್ಲ ಅನ್ವಯವಾಗುವ ಮಿತಿ ಹಾಕಿ, 2020ರಿಂದ ಅದನ್ನು ಇನ್ನಷ್ಟು ಬಿಗಿ ಮಾಡಿತು.

ದಾರಿ ಸರಳ. ಬೆಂಕಿ ಮೊದಲು ಪೂರ್ತಿ ಉರಿಯಲಿ, ಆಮೇಲೆ ನೀರನ್ನು ಮುಟ್ಟಲಿ. ಇದನ್ನು ನಮ್ಮವರೇ ಹೇಳಿದ್ದಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ. ಕೆ. ಎನ್. ರೆಡ್ಡಿ ಅವರ ಮುಂದಾಳತ್ವದಲ್ಲಿ ಶುರುವಾದ 'ಅಸ್ತ್ರ' ಗುಂಪು ಹಳ್ಳಿಯ ಅಡುಗೆಗೆಂದು ಅಸ್ತ್ರ ಒಲೆ ಮಾಡಿತು. ಅದರ ಜಾಣತನವೆಲ್ಲ ಜಾಳಿಗೆಯಲ್ಲಿ, ಅಳತೆಯ ಗಾಳಿಯಲ್ಲಿ, ಹೊಗೆ ಕೊಳವೆಯಲ್ಲಿತ್ತು. ನಾನು ಬಂಬದ ಕಾಲಿನ ಕೆಳಗೆ ಬೆಂಕಿ ಇಟ್ಟಿಗೆಯ ಮೊಣಕಾಲೆತ್ತರದ ಗೂಡು ಕಟ್ಟಿದೆ. ಜಾಳಿಗೆಯನ್ನು ಕೊಳವೆಯಿಂದ ತೆಗೆದು ಆ ಗೂಡಿನ ತಳಕ್ಕೆ ಇಳಿಸಿದೆ. ಕಟ್ಟಿಗೆ ಈಗ ಗೂಡಿನ ಬಾಯಿಂದ ಹೋಗುತ್ತದೆ, ಗಾಳಿ ಜಾಳಿಗೆಯ ಅಡಿಯಿಂದ ಬರುತ್ತದೆ, ಕೆಂಪಗೆ ಕಾದ ಇಟ್ಟಿಗೆಯ ನಡುವೆ ಉರಿ ಮುಗಿಯುತ್ತದೆ. ಕೊಳವೆಗೆ ಏರುವುದು ಬಹುಪಾಲು ಬಿಸಿಗಾಳಿಯೇ. ಮೇಲೆ ತಗಡಿನ ಚಿಮಣಿ ಏರಿಸಿದ್ದರಿಂದ ಎಳೆತ ಬಂತು. ಕಟ್ಟಿಗೆಯನ್ನು ಮಳೆಗಾಲಕ್ಕೆ ಮುಂಚೆಯೇ ಸೀಳಿ, ಸೂರಿನಡಿ ಗಾಳಿಯಾಡುವಂತೆ ಪೇರಿಸುತ್ತೇನೆ. ಆಗತಾನೆ ಕಡಿದ ಮರದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ನೀರೇ. ಒಣಗಿದ ಒಂದು ಕಿಲೋ ಕಟ್ಟಿಗೆಯಲ್ಲಿ ಸುಮಾರು 4 ಯೂನಿಟ್ ವಿದ್ಯುತ್ತಿನಷ್ಟು ಶಾಖವಿದೆ. ನಲವತ್ತು ಲೀಟರ್ ನೀರನ್ನು 25 ಡಿಗ್ರಿ ಏರಿಸಲು ಒಂದು ಯೂನಿಟ್ಟಿಗಿಂತ ತುಸು ಹೆಚ್ಚು ಸಾಕು. ಬಡಗಿಯ ಅಂಗಡಿಯ ಪ್ಲೈವುಡ್ ತುಂಡು ಪುಕ್ಕಟೆ ಸಿಗುತ್ತದೆ, ಮುಟ್ಟುವುದಿಲ್ಲ. ಅದರ ಅಂಟು ಉರಿದರೆ ಬರುವುದು ವಿಷ.

ಈ ಕೆಲಸಗಳಿಗಾಗಿ ನಾನು ಉರಿಯ ಮುಂದೆ ಕುಕ್ಕರಗಾಲಲ್ಲಿ ಕೂತೆ. ಹುಡುಗನಾಗಿದ್ದಾಗ ಆ ಜಾಗದಲ್ಲಿ ಕೂತ ನೆನಪೇ ನನಗಿಲ್ಲ.

ಅವ್ವನ ನೆನಪು ಎಂದು ನಾನು ಇಷ್ಟು ವರ್ಷ ಹೇಳಿಕೊಂಡು ಬಂದದ್ದನ್ನು ಬಿಚ್ಚಿ ನೋಡಿದರೆ ಏನಿದೆ? ನಸುಗತ್ತಲ ಬಚ್ಚಲು, ತಾಮ್ರದ ತಂಬಿಗೆ, ಬೆನ್ನಿನ ಮೇಲೆ ಬೀಳುವ ಬಿಸಿನೀರು, ಹಬೆಯಲ್ಲಿ ಬೆರೆತ ಹೊಗೆಯ ಪರಿಮಳ. ಎಲ್ಲವೂ ನಲ್ಲಿಯ ಕಡೆಯ ನೆನಪು. ಪರಿಮಳ ಎಂದು ನಾನು ಕರೆಯುವುದು ಗೋಡೆಯಾಚೆ ಅವಳ ಕಣ್ಣಲ್ಲಿ ನೀರು ತರಿಸುತ್ತಿತ್ತು. ಹಸಿ ಕಟ್ಟಿಗೆ, ಕುಳ್ಳು, ಊದುಗೊಳವೆ ಹಿಡಿದು ಅವಳು ನಮಗಿಂತ ಗಂಟೆ ಮುಂಚೆ ಎದ್ದು ಕೂತಿರುತ್ತಿದ್ದಳು. ಊದಿ ಊದಿ ಕೆಮ್ಮುತ್ತಿದ್ದಳು. "ನೀ ಮೊದಲ ಜಳಕಾ ಮಾಡಿ ಹೋಗಪಾ, ಸಾಲಿಗೆ ಹೊತ್ತಾಗ್ತದ" ಎನ್ನುತ್ತಿದ್ದಳು. ಅಪ್ಪ, ಗಂಡುಮಕ್ಕಳು, ಆಮೇಲೆ ಅಕ್ಕಂದಿರು. ಅವಳ ಸರದಿ ಬರುವಷ್ಟರಲ್ಲಿ ಬಂಬದಲ್ಲಿ ಉಳಿದಿರುತ್ತಿದ್ದದ್ದು ಉಗುರುಬೆಚ್ಚಗಿನ ನೀರು, ಮತ್ತೆ ಕಟ್ಟಿಗೆ ಹಾಕುವುದು ದಂಡ ಎಂದು ಅವಳೇ ಬೇಡ ಅನ್ನುತ್ತಿದ್ದಳು. ಬಂಬವನ್ನು ಪಾಲಿಗೆ ಕೇಳಿದಾಗ ನನ್ನ ಮನಸ್ಸಿನಲ್ಲಿದ್ದದ್ದು ಅವಳಲ್ಲ, ಅವಳ ಕೈಯಿಂದ ಸುಖಪಟ್ಟ ನಾನು. ಇದನ್ನು ಬರೆಯಲು ಕಷ್ಟವಾಗುತ್ತದೆ, ಆದರೆ ನಿಜ ಇದೇ.

ಇದು ನಮ್ಮೊಂದು ಮನೆಯ ಕತೆಯಾಗಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. ಕಿರ್ಕ್ ಸ್ಮಿತ್ ಎಂಬ ಅಮೆರಿಕದ ವಿಜ್ಞಾನಿ ಭಾರತೀಯ ಸಂಗಡಿಗರ ಜೊತೆ ಗುಜರಾತಿನ ಹಳ್ಳಿಗಳಲ್ಲಿ ಒಲೆಯ ಮುಂದೆ ಕೂತ ಹೆಂಗಸರು ಉಸಿರಾಡುವ ಗಾಳಿಯನ್ನು ಅಳೆದು 1983ರಲ್ಲಿ ಪ್ರಕಟಿಸಿದ. ಆ ತನಕ ಹೊಗೆ ಎಂದರೆ ಕಾರ್ಖಾನೆ, ಮೋಟಾರುಗಳ ಹೊಗೆ ಎಂದೇ ಲೆಕ್ಕ. ಅಡುಗೆಮನೆ ಬಚ್ಚಲುಗಳ ಹೊಗೆಯನ್ನು ಲೆಕ್ಕಕ್ಕೆ ಹಿಡಿದವರು ವಿರಳ. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಲ್ಲಿ ಅಂದಾಜು 32 ಲಕ್ಷ ಜನ ಸತ್ತರು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅವ್ವನ ಕೊನೆಗಾಲದ ಉಬ್ಬಸಕ್ಕೆ ಬಂಬವೇ ಕಾರಣ ಎಂದು ನಾನು ಹೇಳಲಾರೆ. ಅವಳು ಸೇರಿದ್ದು ಆ ಹೆಂಗಸರ ಸಾಲಿಗೆ ಎಂದು ಮಾತ್ರ ಹೇಳಬಲ್ಲೆ.

ಹಾಗಾದರೆ ಈಗ ನನ್ನ ಬಂಬದ ಹೊಗೆ ಯಾರ ಪಾಲಿಗೆ? ಕಾತ್ರಜ ಗುಡ್ಡದ ಬುಡದಲ್ಲಿದೆ. ಡಿಸೆಂಬರ್, ಜನವರಿಯಲ್ಲಿ ರಾತ್ರಿ ತಣ್ಣಗಾದ ಗಾಳಿ ಘಾಟಿನ ಇಳಿಜಾರಿನಿಂದ ಜಾರಿ ಬಂದು ತಗ್ಗಿನಲ್ಲಿ ನಿಲ್ಲುತ್ತದೆ, ಅದರ ಮೇಲೆ ಬೆಚ್ಚನೆಯ ಗಾಳಿಯ ಮುಚ್ಚಳ. ಬಿಸಿಲೇರುವ ತನಕ ಹೊಗೆ ಮೇಲೆ ಹೋಗುವುದಿಲ್ಲ. ಹೆದ್ದಾರಿಯ ಲಾರಿಗಳ ಹೊಗೆಯ ಜೊತೆ ಸೇರಿ ಮನೆಗಳ ನಡುವೆಯೇ ಸುಳಿಯುತ್ತದೆ. ಬೆಂಕಿ ಹಚ್ಚಬೇಕೆನಿಸುವ ಚಳಿಯ ಬೆಳಗೇ ಹಚ್ಚಬಾರದ ಬೆಳಗು.

ಪಕ್ಕದ ಮನೆಯ ವೈನಿಯನ್ನು ಕೇಳಿದೆ, ನಮ್ಮ ಹೊಗೆ ನಿಮಗೆ ಬರುತ್ತದೆಯೇ ಎಂದು. ಅವರು ತುಸು ತಡೆದು, "ಆಜಿಗೆ ದಮ್ಮು ಇದೆಯಲ್ಲ ಭಾವೂಜಿ, ಬೆಳಿಗ್ಗೆ ಆ ಕಡೆಯ ಕಿಟಕಿ ಮುಚ್ಚಿಬಿಡ್ತೀವಿ" ಎಂದರು. ದೂರಿನ ದನಿ ಒಂದಿಷ್ಟೂ ಇರಲಿಲ್ಲ. ಧಾರವಾಡದಲ್ಲೂ ಯಾರೂ ದೂರುತ್ತಿರಲಿಲ್ಲ. ಕೆಮ್ಮುವವರು ದೂರಲಿಲ್ಲ ಎಂದರೆ ಕೆಮ್ಮು ಇರಲಿಲ್ಲ ಎಂದಲ್ಲ. ನನ್ನ ಬಿಸಿನೀರಿಗೆ ಯಾರೋ ಒಬ್ಬ ಹೆಂಗಸು ಹೊಗೆ ಕುಡಿಯುವ ಏರ್ಪಾಡು ಊರು ಬದಲಾದರೂ ಬದಲಾಗಿರಲಿಲ್ಲ.

ಇಟ್ಟಿಗೆಯ ಗೂಡು ಬಂದ ಮೇಲೆ ಹೊಗೆ ಕಣ್ಣಿಗೆ ಕಾಣುವುದು ಹಚ್ಚಿದ ಮೊದಲ ಕೆಲವು ನಿಮಿಷ ಮಾತ್ರ. ಕೊಳವೆಯಲ್ಲಿ ಅಂಟಿನ ಬದಲು ಬೆರಳಿಗೆ ಉದುರುವ ತೆಳು ಬೂದುಮಸಿ. ಕಟ್ಟಿಗೆ ಮೊದಲಿನ ಅರ್ಧಕ್ಕಿಂತ ಕಡಿಮೆ ಸಾಕು. ಇಷ್ಟು ಸುಧಾರಿಸಿದ್ದಕ್ಕೆ ನನಗೆ ನಿಜವಾದ ಸಂತೋಷವಿದೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಹೊಗೆ ಕಾಣದಿದ್ದರೆ ಹೊಗೆ ಇಲ್ಲ ಎಂದಲ್ಲ. ಎದೆಗೂಡಿಗಿಳಿಯುವ ಸಣ್ಣ ಕಣಗಳು ಕಣ್ಣಿಗೆ ಬೀಳುವುದಿಲ್ಲ. ಹಾಗಾಗಿ ಗಾಳಿ ನಿಂತ ಬೆಳಗುಗಳಲ್ಲಿ ಬಂಬ ಹಚ್ಚುವುದನ್ನು ಬಿಟ್ಟಿದ್ದೇನೆ. ಅಂದು ಸೋಲಾರ್ ನೀರಿದೆ, ಸಾಲದಿದ್ದರೆ ಗೀಜರ್ ಇದೆ. ಬಂಬ ಉರಿಯುವುದು ಗಾಳಿ ಆಡುವ ದಿನ, ಹೊತ್ತೇರಿದ ಮೇಲೆ. ನೀರು ತುಂಬುವ ಹಬ್ಬದ ಸಂಜೆ ಸುಣ್ಣ, ಕೆಮ್ಮಣ್ಣಿನ ಪಟ್ಟೆ ಬಳಿದು ಸಿಂಗರಿಸಿ ಮರುದಿನದ ಎಣ್ಣೆಸ್ನಾನಕ್ಕೆ ಹಚ್ಚುವುದುಂಟು. ಆ ದಿನ ವೈನಿಗೆ ಮೊದಲೇ ಹೇಳುತ್ತೇನೆ, ಆಜಿಗೂ ಒಂದು ಬಕೆಟ್ ಬಿಸಿನೀರು ಹೋಗುತ್ತದೆ. ಉರಿ ಹಚ್ಚುವವನು ನಾನೇ, ಕೊನೆಗೆ ಮೀಯುವವನೂ ನಾನೇ. ಇದರಿಂದ ಅವ್ವನ ಋಣ ತೀರಿತು ಎಂದು ನಾನು ತಿಳಿದಿಲ್ಲ.

ತಾಮ್ರದ ಬಂಬ, ಹಂಡೆ ಇನ್ನೂ ಉರಿಯುವ ಮನೆಗಳು ಕರ್ನಾಟಕದಲ್ಲಿ ಬೇಕಾದಷ್ಟಿವೆ. ಅಲ್ಲಿನವರಿಗೆ ನನ್ನದೊಂದು ವಿನಂತಿ. ನೀರಿಲ್ಲದ ಬಂಬಕ್ಕೆ ಎಂದೂ ಬೆಂಕಿ ಇಡಬೇಡಿ, ಬೆಸುಗೆ ಕರಗುತ್ತದೆ. ನೀರು ಸುರಿಯುವ ಬಾಯಿಯನ್ನು ಎಂದೂ ಬಿಗಿದು ಮುಚ್ಚಬೇಡಿ, ಹಬೆಗೆ ದಾರಿ ಬೇಕು. ಒಣ ಕಟ್ಟಿಗೆ ಹಾಕಿ, ಕೆಳಗಿನಿಂದ ಗಾಳಿ ಕೊಡಿ. ಮತ್ತು ನಾಳೆ ಬೆಳಿಗ್ಗೆ ಬೆಂಕಿ ಹತ್ತಿದ ಮೇಲೆ ಪಕ್ಕದ ಮನೆಯ ಅಂಗಳಕ್ಕೆ ಹೋಗಿ ಐದು ನಿಮಿಷ ನಿಂತು ಉಸಿರಾಡಿ ನೋಡಿ.