ವಾಲಿಯ ಮಾತು ಕೇಳಿದ ಊರಿನ ಕಲಾ ತರಗತಿ

ಪುತ್ತೂರು, ಸುಳ್ಯ, ಕಡಬ ತಾಲ್ಲೂಕುಗಳ ತೋಟದ ಮನೆಗಳಿಂದ ಬಿ.ಎ. ತರಗತಿಗೆ ಬರುವ ಸಂಪ್ರದಾಯನಿಷ್ಠ ವಿದ್ಯಾರ್ಥಿ ಯಾವುದೋ ಒಂದು ಜಾತಿಗೆ ಅಥವಾ ಮತಕ್ಕೆ ಸೇರಿದವನಲ್ಲ. ನಾಗನಿಗೆ ಸಲ್ಲಿಸುವ ತಂಬಿಲವನ್ನೂ ದೈವದ ನೇಮವನ್ನೂ ತಪ್ಪಿಸದ ಹುಡುಗ, ರಂಜಾನ್ ಉಪವಾಸ ಬಿಡದ ಬ್ಯಾರಿ ಮನೆಯ ಹುಡುಗಿ, ಭಾನುವಾರದ ಬಲಿಪೂಜೆಗೆ ತಪ್ಪದೆ ಹೋಗುವ ಕ್ರೈಸ್ತ ಮನೆಯವರು ಎಲ್ಲರೂ ಈ ಮಾತಿನ ವ್ಯಾಪ್ತಿಗೆ ಬರುತ್ತಾರೆ. ರಸಾಯನಶಾಸ್ತ್ರದ ಪಾಠ ಇವರ ಮನೆಯ ಕಟ್ಟಳೆಗಳನ್ನು ಮುಟ್ಟುವುದಿಲ್ಲ. ಆದರೆ ಕಲಾ ವಿಭಾಗದ ಇತಿಹಾಸ, ಸಮಾಜಶಾಸ್ತ್ರ, ಸಾಹಿತ್ಯಗಳು ಮನುಷ್ಯ ಕಟ್ಟಿಕೊಂಡ ನಂಬಿಕೆಗಳನ್ನೇ ಕೈಗೆತ್ತಿಕೊಂಡು ನೋಡುವ ವಿಷಯಗಳಾದ್ದರಿಂದ, ಅಂಥವರು ಅಲ್ಲಿ ಹೊಂದಿಕೊಳ್ಳಬಲ್ಲರೇ ಎಂಬ ಹೆತ್ತವರ ಆತಂಕ ನಿರಾಧಾರವಲ್ಲ.

ಈ ಆತಂಕಕ್ಕೆ ಉತ್ತರ ಹುಡುಕಲು ದೂರ ಹೋಗಬೇಕಾಗಿಲ್ಲ. ಪುತ್ತೂರಿನ ಬಾಲವನದಲ್ಲಿ ದಶಕಗಳ ಕಾಲ ನೆಲೆಸಿದ್ದ ಶಿವರಾಮ ಕಾರಂತರೂ ಛಂದಸ್ಸು, ವ್ಯಾಕರಣಗಳ ವಿದ್ವಾಂಸರಾದ ಸೇಡಿಯಾಪು ಕೃಷ್ಣ ಭಟ್ಟರೂ ಹುಟ್ಟಿದ್ದು ಒಂದೇ ವರ್ಷ, 1902ರಲ್ಲಿ. ಸಾಂಪ್ರದಾಯಿಕ ಪಾಂಡಿತ್ಯದಲ್ಲಿ ಬೇರೂರಿದ್ದ ಸೇಡಿಯಾಪು ಅವರು ಜೆಸ್ವಿತ್ ಪಾದ್ರಿಗಳು ನಡೆಸುವ ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನಲ್ಲಿ ಕನ್ನಡ ಕಲಿಸಿದರು. ದೇವರ ಕುರಿತ ನಂಬಿಕೆಯನ್ನು ಪ್ರಶ್ನಿಸುತ್ತಲೇ ಬದುಕಿದ ಕಾರಂತರು ಯಕ್ಷಗಾನದ ಅಧ್ಯಯನಕ್ಕೆ ಬಾಳಿನ ಬಹುಭಾಗವನ್ನು ತೆತ್ತು, ‘ಯಕ್ಷಗಾನ ಬಯಲಾಟ’ ಗ್ರಂಥಕ್ಕೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದರು. ನಿಷ್ಠೆಯುಳ್ಳವರು ಪರರ ವಿದ್ಯಾಲಯದಲ್ಲಿ ಬೆಳಗಬಲ್ಲರು, ಪ್ರಶ್ನಿಸುವವರು ಪರಂಪರೆಯನ್ನು ಕಾಪಾಡಬಲ್ಲರು ಎಂಬುದಕ್ಕೆ ಈ ಇಬ್ಬರ ಬದುಕೇ ಸಾಕ್ಷಿ.

ಇದಕ್ಕಿಂತ ಆಳವಾದ ಆಧಾರ ಇಲ್ಲಿನ ತಾಳಮದ್ದಲೆಯಲ್ಲಿದೆ. ವೇಷವಿಲ್ಲದೆ, ಕುಣಿತವಿಲ್ಲದೆ, ಭಾಗವತರು ಹಾಡಿದ ಪದ್ಯಕ್ಕೆ ಅರ್ಥಧಾರಿಗಳು ಎದುರುಬದುರು ಕುಳಿತು ಆಶುವಾಗಿ ಮಾತು ಹೆಣೆಯುವ ಕಲೆಯೇ ತಾಳಮದ್ದಲೆ. ವಾಲಿವಧೆಯ ಪ್ರಸಂಗದಲ್ಲಿ ಬಾಣ ತಾಗಿ ಬಿದ್ದ ವಾಲಿ, ಮರೆಯಲ್ಲಿ ನಿಂತು ಹೊಡೆದದ್ದು ಯಾವ ಧರ್ಮವೆಂದು ರಾಮನನ್ನೇ ಕೇಳುತ್ತಾನೆ. ಮನೆಯಲ್ಲಿ ರಾಮನಾಮ ಬಿಡದ ಶ್ರೋತೃಗಳು ದೇವಸ್ಥಾನದ ಅಂಗಳದಲ್ಲೇ ಕುಳಿತು ಆ ವಾದವನ್ನು ತಲೆದೂಗಿ ಕೇಳುತ್ತಾರೆ. ಶೇಣಿ ಗೋಪಾಲಕೃಷ್ಣ ಭಟ್ಟರಂಥ (1918–2006) ಮೇರು ಅರ್ಥಧಾರಿಗಳನ್ನು ಈ ಸೀಮೆ ಗೌರವಿಸಿದ್ದು ಎದುರು ಪಕ್ಷಕ್ಕೂ ಪೂರ್ಣ ಬಲ ತುಂಬುವ ಅವರ ಶಕ್ತಿಗಾಗಿಯೇ. ಶಾಸ್ತ್ರಗ್ರಂಥಗಳು ಇದನ್ನು ಪೂರ್ವಪಕ್ಷವೆನ್ನುತ್ತವೆ, ಅಂದರೆ ತನ್ನ ಸಿದ್ಧಾಂತವನ್ನು ಸ್ಥಾಪಿಸುವ ಮೊದಲು ಪ್ರತಿವಾದಿಯ ಮಾತನ್ನು ಕುಂದಿಲ್ಲದೆ ಮುಂದಿಡುವ ಕ್ರಮ. ಕಲಾ ತರಗತಿ ಬೇಡುವುದೂ ಇದನ್ನೇ; ಆದ್ದರಿಂದ ಸಂಪ್ರದಾಯದ ಮನೆಯ ಮಗು ಅಲ್ಲಿಗೆ ಬರಿಗೈಯಲ್ಲಿ ಬರುವುದಿಲ್ಲ.

ಪುತ್ತೂರಿನಲ್ಲಿ 1958ರಲ್ಲಿ ಸಂತ ಫಿಲೋಮಿನಾ, 1965ರಲ್ಲಿ ವಿವೇಕಾನಂದ, ಸುಳ್ಯದಲ್ಲಿ 1976ರಲ್ಲಿ ನೆಹರೂ ಮೆಮೋರಿಯಲ್ ಕಾಲೇಜುಗಳು ಆರಂಭವಾದ ಮೇಲೆ ಪದವಿ ಶಿಕ್ಷಣ ಈ ಹಳ್ಳಿಗಳ ಬಾಗಿಲಿಗೇ ಬಂದಿತು. ಯಕ್ಷಗಾನ ಪ್ರಸಂಗಗಳನ್ನೂ ಬರೆದ ಅಮೃತ ಸೋಮೇಶ್ವರರು ವಿವೇಕಾನಂದ ಕಾಲೇಜಿನಲ್ಲಿ ಕನ್ನಡ ಕಲಿಸಿದರು. ದೈವಗಳ ಹುಟ್ಟು, ಪ್ರಸರಣಗಳನ್ನು ಹಾಡುವ ತುಳು ಕಥನಕಾವ್ಯವಾದ ಪಾಡ್ದನ ವಿಶ್ವವಿದ್ಯಾಲಯದ ಸಂಶೋಧನೆಯ ವಸ್ತುವಾಯಿತು. ಹೀಗೆ ಅಜ್ಜಿಯ ಬಾಯಲ್ಲಿ ಕೇಳಿದ್ದನ್ನು ವಿದ್ಯೆಯೆಂದು ಕಾಲೇಜು ಗುರುತಿಸಿದಾಗ ವಿದ್ಯಾರ್ಥಿಯ ಸಂಕೋಚ ಅರ್ಧ ಕರಗುತ್ತದೆ.

ಆದರೆ ಎಲ್ಲವೂ ಸಲೀಸಲ್ಲ. ತರಗತಿಯಲ್ಲಿ ಶಿರವಸ್ತ್ರ (ಹಿಜಾಬ್) ಧರಿಸುವ ವಿವಾದದಲ್ಲಿ 2022ರ ಮಾರ್ಚ್ 15ರಂದು ಕರ್ನಾಟಕ ಹೈಕೋರ್ಟು ಸರ್ಕಾರದ ಸಮವಸ್ತ್ರ ಆದೇಶವನ್ನು ಎತ್ತಿಹಿಡಿಯಿತು. ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಪರಸ್ಪರ ಭಿನ್ನವಾದ ತೀರ್ಪು ಬರೆದರು. ಉನ್ನತ ಪೀಠದಲ್ಲೇ ಒಮ್ಮತ ಮೂಡದ ವಿಷಯದಲ್ಲಿ ಹದಿನೆಂಟರ ಹುಡುಗಿಯೊಬ್ಬಳು ತಕ್ಷಣ ಉತ್ತರ ಹೇಳಬೇಕೆಂದು ತರಗತಿ ಒತ್ತಾಯಿಸುವುದು ನ್ಯಾಯವಲ್ಲ.

ಅಧ್ಯಾಪಕರು ನಂಬಿಕೆಯನ್ನು ಪರಿಶೀಲಿಸಲಿ, ನಂಬಿದವರನ್ನು ಹೀಯಾಳಿಸದಿರಲಿ. ವಿದ್ಯಾರ್ಥಿಯೂ ಪ್ರಶ್ನೆಯನ್ನು ಅವಮಾನವೆಂದು ಬಗೆಯದಿರಲಿ. ವಾಲಿಯ ಮಾತನ್ನು ಕೊನೆಯವರೆಗೂ ಕೇಳಿಸಿಕೊಂಡು, ಬೆಳಗಾದ ಮೇಲೆ ಅದೇ ರಾಮನಿಗೆ ಕೈಮುಗಿದು ಮನೆಗೆ ಹೋದ ಹಿರಿಯರ ಮಕ್ಕಳಿಗೆ ಇದು ಹೊಸ ಪಾಠವೇನಲ್ಲ.